ಹರಿವಿನ ನಿಗಾ: ತೀವ್ರ ವೈರಲ್ ನ್ಯುಮೋನಿಯಾದಲ್ಲಿ ರಕ್ತಪರಿಚಲನೆಯನ್ನು ಕಾಯುವ ಬಗೆ

ಕೋವಿಡ್‌ನ ಎರಡು ವರ್ಷಗಳಲ್ಲಿ ಕನ್ನಡದ ಮನೆಮನೆಗೆ ಒಂದು ಹೊಸ ಮಾತು ಬಂತು. ಊರಿನಿಂದ ಫೋನ್ ಮಾಡಿದವರು ಜ್ವರ ಹೇಗಿದೆ ಎಂದು ವಿಚಾರಿಸುವ ಮೊದಲೇ ‘ಸ್ಯಾಚುರೇಷನ್ ಎಷ್ಟಿದೆ?’ ಎಂದು ಕೇಳುತ್ತಿದ್ದರು. ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಅನೇಕರನ್ನು ಸಮಯಕ್ಕೆ ಸರಿಯಾಗಿ ಆಸ್ಪತ್ರೆಗೆ ತಲುಪಿಸಿತು. 1974ರಲ್ಲಿ ಜಪಾನಿನ ತಕುವೊ ಅಒಯಾಗಿ ರೂಪಿಸಿದ ತತ್ವದ ಮೇಲೆ ನಡೆಯುವ ಈ ಪುಟ್ಟ ಸಾಧನಕ್ಕೆ ನಾವು ಋಣಿಗಳು. ಆದರೆ ಅದು ಹೇಳುವುದು ಅರ್ಧ ಸಂಗತಿ ಮಾತ್ರ. ರಕ್ತಕ್ಕೆ ಆಮ್ಲಜನಕ ಸೇರಿತೇ ಎಂಬುದಕ್ಕೆ ಅದರಲ್ಲಿ ಉತ್ತರವಿದೆ. ಆ ರಕ್ತ ಮೂತ್ರಪಿಂಡಕ್ಕೆ, ಕರುಳಿಗೆ, ಮಿದುಳಿಗೆ ಸಾಕಷ್ಟು ಹರಿಯುತ್ತಿದೆಯೇ ಎಂಬುದಕ್ಕೆ ಇಲ್ಲ. ಇಂದಿನ ಉಪನ್ಯಾಸ ಈ ಎರಡನೆಯ ಪ್ರಶ್ನೆಯನ್ನು ಕುರಿತದ್ದು.

ಮೊದಲಿಗೆ ವ್ಯಾಪ್ತಿಯನ್ನು ಹೇಳಿಬಿಡುತ್ತೇನೆ. ವೈರಸ್‌ಗೆ ಕೊಡುವ ಔಷಧಗಳನ್ನಾಗಲಿ, ವೆಂಟಿಲೇಟರ್ ನಡೆಸುವ ಕ್ರಮವನ್ನಾಗಲಿ ನಾನು ಇಲ್ಲಿ ವಿವರಿಸುವುದಿಲ್ಲ. ಇನ್‌ಫ್ಲುಯೆಂಜಾ, ಕೋವಿಡ್ ಮುಂತಾದ ಸೋಂಕಿನಿಂದ ಶ್ವಾಸಕೋಶ ತೀವ್ರವಾಗಿ ಕೆಟ್ಟು ಐಸಿಯು ಸೇರಿದ ರೋಗಿಯಲ್ಲಿ ರಕ್ತಪರಿಚಲನೆ ಏಕೆ ಹದಗೆಡುತ್ತದೆ, ಅದನ್ನು ಅಳೆಯಲು ವೈದ್ಯವಿಜ್ಞಾನ ಏನೇನು ಮಾಡಿತು, ಆ ಅಳತೆಗಳಿಂದ ಪ್ರಯೋಜನವಾಯಿತೇ, ನಮ್ಮಂಥ ನಾಡಿನ ಆಸ್ಪತ್ರೆಗಳಲ್ಲಿ ಯಾವುದನ್ನು ಮುಖ್ಯವಾಗಿ ಹಿಡಿಯಬೇಕು ಎಂಬಷ್ಟಕ್ಕೆ ಮಾತನ್ನು ಸೀಮಿತಗೊಳಿಸುತ್ತೇನೆ. ನಾನು ಮಂಡಿಸಲಿರುವ ವಾದ ಇದು: ಯಾವುದೇ ಅಳತೆಗೆ ಬೆಲೆ ಬರುವುದು ಅದು ಮುಂದಿನ ಒಂದು ನಿರ್ಧಾರಕ್ಕೆ ದಾರಿ ತೋರಿದಾಗ ಮತ್ತು ಆ ನಿರ್ಧಾರದ ಫಲವನ್ನು ಮತ್ತೆ ಬಂದು ಪರೀಕ್ಷಿಸಿದಾಗ. ದುಬಾರಿ ಉಪಕರಣವೊಂದನ್ನು ಕೂರಿಸಿದ ಮಾತ್ರಕ್ಕೆ ಈ ಕೆಲಸ ಆಗುವುದಿಲ್ಲ. ಕಲಿತ ಕೈಗಳು ರೋಗಿಯ ಬಳಿಗೆ ಪದೇ ಪದೇ ಬಂದರೆ ಆಗುತ್ತದೆ.

ಈಗ ಮೊದಲ ಭಾಗಕ್ಕೆ ಬರೋಣ. ಶ್ವಾಸಕೋಶದ ಕಾಯಿಲೆಯಲ್ಲಿ ರಕ್ತಪರಿಚಲನೆಯ ಮಾತೇಕೆ ಎಂದು ಕೇಳುವವರಿದ್ದಾರೆ. ಶ್ವಾಸಕೋಶವೆಂದರೆ ಗಾಳಿಗೂಡುಗಳು ಎಷ್ಟೋ ಅಷ್ಟೇ ಲೋಮನಾಳಗಳೂ ಹೌದು. ಹೃದಯದ ಬಲಭಾಗದಿಂದ ಹೊರಟ ರಕ್ತವೆಲ್ಲ ಆ ಲೋಮನಾಳಗಳ ಮೂಲಕವೇ ಹಾಯ್ದು ಎಡಭಾಗಕ್ಕೆ ಬರಬೇಕು. ವೈರಸ್ ಮತ್ತು ಅದರ ವಿರುದ್ಧ ಕೆರಳಿದ ಉರಿಯೂತ ಈ ನಾಳಗಳ ಒಳಪದರವನ್ನು ಹಾಳುಗೆಡವುತ್ತವೆ. ಒಳಪದರ ಹಾಳಾದ ನಾಳ ಸೋರುತ್ತದೆ, ಸೋರಿದ ನೀರು ಗಾಳಿಗೂಡನ್ನು ತುಂಬುತ್ತದೆ. ಅದೇ ನಾಳದಲ್ಲಿ ರಕ್ತ ಹೆಪ್ಪುಗಟ್ಟಲೂಬಹುದು. 2020ರಲ್ಲಿ ಪ್ರಕಟವಾದ ಶವಪರೀಕ್ಷೆಯ ಅಧ್ಯಯನವೊಂದು ಕೋವಿಡ್‌ನಿಂದ ಸತ್ತವರ ಶ್ವಾಸಕೋಶದ ಲೋಮನಾಳಗಳಲ್ಲಿ ಇನ್‌ಫ್ಲುಯೆಂಜಾದಿಂದ ಸತ್ತವರಿಗಿಂತ ಸುಮಾರು 9 ಪಟ್ಟು ಹೆಚ್ಚು ಸೂಕ್ಷ್ಮ ಹೆಪ್ಪುಗಳನ್ನು ಕಂಡಿತು. ನಾಳಗಳು ಹೀಗೆ ಮುಚ್ಚಿಕೊಂಡಾಗ ಬಲ ಹೃತ್ಕುಕ್ಷಿ ಹೆಚ್ಚಿನ ಒತ್ತಡದ ಎದುರು ದುಡಿಯಬೇಕಾಗುತ್ತದೆ. ಅದು ತೆಳುಗೋಡೆಯ ಕೋಣೆ, ದಿಢೀರನೆ ಬಿದ್ದ ಹೊರೆಯನ್ನು ತಾಳದೆ ಹಿಗ್ಗಿಬಿಡುತ್ತದೆ. ಇವುಗಳ ಮೇಲೆ ಇನ್ನೂ ಕೆಲವು ಸೇರಿಕೊಳ್ಳುತ್ತವೆ: ಕೆಲವರಲ್ಲಿ ಹೃದಯಸ್ನಾಯುವಿಗೇ ಉರಿಯೂತ ತಗಲುತ್ತದೆ, ಕೆಲವರಲ್ಲಿ ಬ್ಯಾಕ್ಟೀರಿಯಾದ ಸೋಂಕು ಬೆನ್ನಿಗೇ ಬಂದು ನಂಜೇರುತ್ತದೆ. ನಮ್ಮ ಚಿಕಿತ್ಸೆಯ ಪಾಲೂ ಇದೆ. ವೆಂಟಿಲೇಟರ್ ಎದೆಯೊಳಗೆ ಒತ್ತಡ ಹೆಚ್ಚಿಸಿದಾಗ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ. ನಿದ್ರೆ ಬರಿಸುವ ಔಷಧಗಳು ರಕ್ತನಾಳಗಳನ್ನು ಸಡಿಲಿಸುತ್ತವೆ.

ಕಾಲಕ್ರಮವನ್ನೂ ಗಮನಿಸಬೇಕು. ಐದಾರು ದಿನ ಜ್ವರದಲ್ಲಿ ಬೆಂದು, ಊಟ ನೀರು ಸೇರದೆ, ಏದುಸಿರು ಬಿಡುತ್ತ ಆಸ್ಪತ್ರೆಗೆ ಬಂದ ರೋಗಿಯ ದೇಹದಲ್ಲಿ ಮೊದಲ ದಿನ ನೀರಿನ ಕೊರತೆಯೇ ಇರಬಹುದು. ಅದೇ ರೋಗಿಗೆ ನಾಲ್ಕನೆಯ ದಿನ ನೀರು ಹೆಚ್ಚಾಗಿ ಕಾಲು ಊದಿರಬಹುದು, ಶ್ವಾಸಕೋಶ ತೊಯ್ದಿರಬಹುದು. ಮೊದಲ ದಿನ ಸರಿಯಾಗಿದ್ದ ಡ್ರಿಪ್ ನಾಲ್ಕನೆಯ ದಿನ ಅಪಾಯಕಾರಿ. ಹಾಗಾಗಿ ಈ ರೋಗದಲ್ಲಿ ರಕ್ತಪರಿಚಲನೆಯನ್ನು ಒಮ್ಮೆ ಅಳೆದು ಬರೆದಿಟ್ಟರೆ ಪ್ರಯೋಜನವಿಲ್ಲ. ನಿನ್ನೆಯ ಅಳತೆಯನ್ನು ನಂಬಿ ಇಂದು ನಡೆದುಕೊಳ್ಳುವಂತಿಲ್ಲ.

ಆಮ್ಲಜನಕದ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡಿದರೆ ಹರಿವಿನ ಮಹತ್ವ ಸ್ಪಷ್ಟವಾಗುತ್ತದೆ. ಒಂದು ಗ್ರಾಂ ಹಿಮೋಗ್ಲೋಬಿನ್ ಸುಮಾರು 1.34 ಮಿಲಿಲೀಟರ್ ಆಮ್ಲಜನಕವನ್ನು ಹೊರಬಲ್ಲದು. ಆರೋಗ್ಯವಂತರಲ್ಲಿ ಪ್ರತಿ 100 ಮಿಲಿಲೀಟರ್ ರಕ್ತಕ್ಕೆ 15 ಗ್ರಾಂ ಹಿಮೋಗ್ಲೋಬಿನ್, ಸ್ಯಾಚುರೇಷನ್ ಶೇ 97, ಹೃದಯ ನಿಮಿಷಕ್ಕೆ ಹೊರದೂಡುವ ರಕ್ತ 5 ಲೀಟರ್ ಎಂದಿಟ್ಟುಕೊಂಡರೆ, ನಿಮಿಷಕ್ಕೆ ಹತ್ತಿರ ಹತ್ತಿರ 975 ಮಿಲಿಲೀಟರ್ ಆಮ್ಲಜನಕ ದೇಹಕ್ಕೆ ಹಂಚಿಕೆಯಾಗುತ್ತದೆ. ವಿಶ್ರಾಂತಿಯಲ್ಲಿರುವ ದೇಹ ಬಳಸುವುದು ಸುಮಾರು 250. ಉಳಿದದ್ದು ಆಪತ್ತಿಗಾಗಿ ಇರುವ ಮಿಗತೆ. ಈಗ ಇಬ್ಬರು ರೋಗಿಗಳನ್ನು ಕಲ್ಪಿಸಿಕೊಳ್ಳಿ. ಒಬ್ಬರ ಸ್ಯಾಚುರೇಷನ್ ಶೇ 88, ಹಿಮೋಗ್ಲೋಬಿನ್ 14, ಹೃದಯದ ಹರಿವು 5 ಲೀಟರ್. ಇನ್ನೊಬ್ಬರ ಸ್ಯಾಚುರೇಷನ್ ಶೇ 97, ಹಿಮೋಗ್ಲೋಬಿನ್ 9, ಹರಿವು 3 ಲೀಟರ್. ಮಾನಿಟರ್ ನೋಡಿದ ಬಂಧುಗಳು ಮೊದಲನೆಯವರ ಬಗ್ಗೆ ಗಾಬರಿಯಾಗುತ್ತಾರೆ, ಎರಡನೆಯವರ ಬಗ್ಗೆ ನೆಮ್ಮದಿ ತಾಳುತ್ತಾರೆ. ಲೆಕ್ಕ ಹಾಕಿದರೆ ಮೊದಲನೆಯವರಿಗೆ ನಿಮಿಷಕ್ಕೆ ಸುಮಾರು 825 ಮಿಲಿಲೀಟರ್ ಆಮ್ಲಜನಕ ತಲುಪುತ್ತಿದೆ, ಎರಡನೆಯವರಿಗೆ 350 ಮಾತ್ರ. ಜ್ವರ ಏರಿದರೆ ದೇಹದ ಬೇಡಿಕೆಯೂ ಏರುವುದರಿಂದ ಎರಡನೆಯವರು ಅಂಚಿನಲ್ಲಿ ನಿಂತಿದ್ದಾರೆ. ಕರ್ನಾಟಕದ ಹೆಣ್ಣುಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ ಎಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಹೀಗಿರುವಾಗ ಎರಡನೆಯ ರೋಗಿಯನ್ನು ಬರೀ ಲೆಕ್ಕದ ಕಲ್ಪನೆ ಎಂದು ತಳ್ಳಿಹಾಕುವಂತಿಲ್ಲ. ಹಾಗೆಂದು ಎಲ್ಲರಿಗೂ ರಕ್ತ ಕೊಟ್ಟುಬಿಡಬೇಕೆಂದಲ್ಲ. ಹಿಮೋಗ್ಲೋಬಿನ್ 7ಕ್ಕಿಂತ ಇಳಿದಾಗ ಮಾತ್ರ ರಕ್ತ ಕೊಡುವ ಸಂಯಮದ ಕ್ರಮವೂ ಸಾಮಾನ್ಯವಾಗಿ ಸುರಕ್ಷಿತವೇ ಎಂದು 1999ರ ಕೆನಡಾದ ದೊಡ್ಡ ಪ್ರಯೋಗ ತೋರಿಸಿದೆ. ಹಿಮೋಗ್ಲೋಬಿನ್ ಕಡಿಮೆಯಿದ್ದವರಲ್ಲಿ ಹರಿವಿನ ಮೇಲೆ ಕಣ್ಣು ಇನ್ನೂ ಹರಿತವಾಗಿರಬೇಕು ಎಂಬುದಷ್ಟೇ ನನ್ನ ಮಾತು. ಇನ್ನೊಂದನ್ನೂ ಇಲ್ಲಿಯೇ ಹೇಳಬೇಕು. ಕಪ್ಪು ಮೈಬಣ್ಣದವರಲ್ಲಿ ಆಕ್ಸಿಮೀಟರ್ ಕೆಲವೊಮ್ಮೆ ಇರುವುದಕ್ಕಿಂತ ಹೆಚ್ಚಿನ ಅಂಕಿಯನ್ನು ತೋರಿಸುತ್ತದೆ ಎಂಬುದು 2020ರಲ್ಲಿ ಅಮೆರಿಕದ ಅಧ್ಯಯನವೊಂದರಿಂದ ಮತ್ತೆ ದೃಢಪಟ್ಟಿತು. ನಮ್ಮ ನಾಡಿನಲ್ಲಿ ಇದನ್ನು ಮರೆಯುವಂತಿಲ್ಲ.

ಎರಡನೆಯ ವಿಷಯ ರಕ್ತದೊತ್ತಡ. ಐಸಿಯುವಿನಲ್ಲಿ ಎಲ್ಲರ ಕಣ್ಣೂ ನೆಡುವ ಅಂಕಿ ಇದೇ. ಇದನ್ನು ಕಡೆಗಣಿಸಲು ನಾನು ಹೇಳುತ್ತಿಲ್ಲ; ಸರಾಸರಿ ಒತ್ತಡ 65 ಮಿಲಿಮೀಟರ್ ಪಾದರಸಕ್ಕಿಂತ ಬಹಳ ಕೆಳಗಿಳಿದರೆ ಅಂಗಗಳು ತಮ್ಮ ಪಾಲಿನ ರಕ್ತವನ್ನು ತಾವೇ ಹೊಂದಿಸಿಕೊಳ್ಳುವ ಶಕ್ತಿಯನ್ನು ಕಳೆದುಕೊಳ್ಳುತ್ತವೆ. ಆದರೆ ಒತ್ತಡ ಬೇರೆ, ಹರಿವು ಬೇರೆ. ಹರಿವು ತಗ್ಗಿದಾಗ ದೇಹ ರಕ್ತನಾಳಗಳನ್ನು ಬಿಗಿಮಾಡಿ ಒತ್ತಡವನ್ನು ಕಾಪಾಡಿಕೊಳ್ಳುತ್ತದೆ. ನಾವು ಹಾಕುವ ನಾರ್‌ಅಡ್ರಿನಾಲಿನ್ ಮಾಡುವುದೂ ಬಹುಮಟ್ಟಿಗೆ ಅದನ್ನೇ. ತುಂಗಭದ್ರಾ ಕಾಲುವೆಯ ಕೊನೆಭಾಗದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಜಲಾಶಯದ ಮಟ್ಟ ಎಷ್ಟು ಅಡಿ ಇದೆ ಎಂಬ ಸುದ್ದಿ ಪತ್ರಿಕೆಯಲ್ಲಿ ದಿನವೂ ಬರುತ್ತದೆ, ಗದ್ದೆಗೆ ನೀರು ಬಂತೇ ಎಂದು ತಿಳಿಯಬೇಕಾದರೆ ಗದ್ದೆಗೇ ಹೋಗಿ ನೋಡಬೇಕು. ಮಾನಿಟರ್‌ನಲ್ಲಿ ಮೇಲಿನ ಒತ್ತಡ 120 ಎಂದು ಕಾಣುವಾಗಲೇ ರೋಗಿಯ ಕಾಲ್ಬೆರಳುಗಳು ತಣ್ಣಗಿರಬಹುದು, ಮೂತ್ರ ಕಟ್ಟಿರಬಹುದು. ಇನ್ನು ಒತ್ತಡವನ್ನು ಔಷಧದಿಂದ ಇನ್ನಷ್ಟು ಏರಿಸಿದರೆ ಒಳಿತಾಗುವುದೇ? 2014ರಲ್ಲಿ ಫ್ರಾನ್ಸಿನಲ್ಲಿ ನಂಜಿನ ಶಾಕ್‌ಗೆ, ಅಂದರೆ ಸೋಂಕಿನ ನಂಜಿನಿಂದ ರಕ್ತಪರಿಚಲನೆ ಕುಸಿಯುವ ಸ್ಥಿತಿಗೆ, ಒಳಗಾದ 776 ರೋಗಿಗಳಲ್ಲಿ ಸರಾಸರಿ ಒತ್ತಡಕ್ಕೆ 65-70ರ ಗುರಿಯನ್ನೂ 80-85ರ ಗುರಿಯನ್ನೂ ಹೋಲಿಸಿದರು. ಸಾವಿನ ಪ್ರಮಾಣದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಮೊದಲಿನಿಂದಲೂ ಬಿಪಿ ಇದ್ದವರಲ್ಲಿ ಮಾತ್ರ ಹೆಚ್ಚಿನ ಗುರಿಯಿಂದ ಡಯಾಲಿಸಿಸ್‌ನ ಅಗತ್ಯ ಕಡಿಮೆಯಾಯಿತು, ಜೊತೆಗೆ ಹೆಚ್ಚಿನ ಗುರಿಯ ಗುಂಪಿನಲ್ಲಿ ಹೃದಯಬಡಿತದ ಏರುಪೇರು ಹೆಚ್ಚಿತು. ಅಂದರೆ ಎಲ್ಲರಿಗೂ ಒಂದೇ ಅಂಕಿ ಸಲ್ಲದು.

ಒತ್ತಡವನ್ನು ಅಳೆಯುವಲ್ಲಿಯೇ ಎಡವುವುದುಂಟು ಎಂಬುದನ್ನು ಇಲ್ಲಿರುವ ವಿದ್ಯಾರ್ಥಿಗಳಿಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಶಾಕ್‌ನಲ್ಲಿರುವ ರೋಗಿಯ ಮಣಿಕಟ್ಟಿನ ಅಪಧಮನಿಗೆ ಸಣ್ಣ ನಳಿಕೆ ಹಾಕಿ, ಅದನ್ನು ಟ್ರಾನ್ಸ್‌ಡ್ಯೂಸರ್ ಎಂಬ ಒತ್ತಡ ಗ್ರಹಿಸುವ ಸಾಧನಕ್ಕೆ ಜೋಡಿಸಿ, ಪ್ರತಿ ಬಡಿತದ ಒತ್ತಡವನ್ನೂ ತೆರೆಯ ಮೇಲೆ ಅಲೆಯಾಗಿ ನೋಡುವುದು ಉತ್ತಮ ಕ್ರಮ. ಆ ಟ್ರಾನ್ಸ್‌ಡ್ಯೂಸರ್ ಹೃದಯದ ಮಟ್ಟದಲ್ಲಿರಬೇಕು. ಅದು 10 ಸೆಂಟಿಮೀಟರ್ ಕೆಳಗೆ ಜಾರಿದರೆ ಒತ್ತಡ ಸುಮಾರು 7.5 ಮಿಲಿಮೀಟರ್ ಹೆಚ್ಚಾಗಿ ಕಾಣುತ್ತದೆ. 58 ಇದ್ದದ್ದು 65 ಎಂದು ತೋರಿ ಎಲ್ಲರೂ ನಿಶ್ಚಿಂತರಾಗುತ್ತಾರೆ. ಹಾಸಿಗೆಯ ತಲೆಭಾಗ ಏರಿಸಿದಾಗ, ರೋಗಿಯನ್ನು ಮಗ್ಗುಲು ಬದಲಿಸಿದಾಗ, ಬೋರಲು ಮಲಗಿಸಿದಾಗ ಪ್ರತಿ ಸಲವೂ ಮಟ್ಟ ಸರಿಪಡಿಸಬೇಕು. ನಳಿಕೆಯಲ್ಲಿ ಗಾಳಿಗುಳ್ಳೆಯೋ ಸಣ್ಣ ಹೆಪ್ಪೋ ಸೇರಿದರೆ ಅಲೆ ಮೊಂಡಾಗಿ, ಮೇಲಿನ ಒತ್ತಡ ತಗ್ಗಿದಂತೆ ಕಾಣುತ್ತದೆ. ಸಾವಿರಾರು ರೂಪಾಯಿಯ ಸಾಧನ ಕೊಡುವ ಅಂಕಿ ಸರಿಯೋ ತಪ್ಪೋ ಎಂಬುದು ಅದನ್ನು ಹಿಡಿದು ಸರಿಪಡಿಸುವ ನರ್ಸ್‌ನ ಗಮನದ ಮೇಲೆ ನಿಂತಿದೆ.

ಇನ್ನು ಮೂರನೆಯ ಭಾಗ, ಹರಿವನ್ನು ನೇರವಾಗಿ ಅಳೆಯಲು ನಡೆದ ಪ್ರಯತ್ನಗಳ ಕಥೆ. ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ ಕುದುರೆಯ ಅಪಧಮನಿಗೆ ಗಾಜಿನ ಕೊಳವೆ ಜೋಡಿಸಿ ರಕ್ತ 8 ಅಡಿಗೂ ಎತ್ತರಕ್ಕೆ ಏರುವುದನ್ನು ಕಂಡು, 1733ರಲ್ಲಿ ಅದನ್ನು ಪ್ರಕಟಿಸಿದರು. 1870ರಲ್ಲಿ ಜರ್ಮನಿಯ ಅಡಾಲ್ಫ್ ಫಿಕ್, ದೇಹ ಬಳಸಿದ ಆಮ್ಲಜನಕ ಮತ್ತು ಅಪಧಮನಿ-ಅಭಿಧಮನಿಗಳ ರಕ್ತದಲ್ಲಿನ ಆಮ್ಲಜನಕದ ಅಂತರ ತಿಳಿದರೆ ಹೃದಯದ ಹರಿವನ್ನು ಲೆಕ್ಕಹಾಕಬಹುದು ಎಂದು ತೋರಿಸಿಕೊಟ್ಟರು. ಅದಕ್ಕೆ ಹೃದಯದೊಳಗಿನ ರಕ್ತ ಬೇಕು. 1929ರಲ್ಲಿ ವರ್ನರ್ ಫೋರ್ಸ್‌ಮನ್ ಎಂಬ ಯುವ ವೈದ್ಯ ತನ್ನದೇ ತೋಳಿನ ಅಭಿಧಮನಿಯಿಂದ ಹೃದಯದವರೆಗೆ ನಳಿಕೆ ತೂರಿಸಿಕೊಂಡು ಎಕ್ಸ್-ರೇ ತೆಗೆಸಿಕೊಂಡರು. ಆ ಸಾಹಸಕ್ಕೆ ಮನ್ನಣೆಯಾಗಿ 1956ರ ನೊಬೆಲ್ ಪ್ರಶಸ್ತಿ ಆಂಡ್ರೆ ಕೂರ್ನಾಂ ಮತ್ತು ಡಿಕಿನ್ಸನ್ ರಿಚರ್ಡ್ಸ್ ಅವರೊಂದಿಗೆ ಇವರಿಗೂ ಬಂತು. 1970ರಲ್ಲಿ ಜೆರೆಮಿ ಸ್ವಾನ್ ಮತ್ತು ವಿಲಿಯಂ ಗಾಂಜ್ ತುದಿಯಲ್ಲಿ ಪುಟ್ಟ ಬಲೂನಿರುವ ಕ್ಯಾಥೆಟರ್ ತಂದರು; ರಕ್ತದ ಸೆಳೆತಕ್ಕೆ ತೇಲಿಕೊಂಡು ಅದು ಹಾಸಿಗೆಯ ಪಕ್ಕದಲ್ಲಿಯೇ ಶ್ವಾಸಕೋಶದ ಅಪಧಮನಿಯನ್ನು ತಲುಪುತ್ತಿತ್ತು. ಹೃದಯದ ಹರಿವು, ಒಳಗಿನ ಒತ್ತಡಗಳು, ಮರಳಿ ಬಂದ ರಕ್ತದಲ್ಲಿ ಉಳಿದ ಆಮ್ಲಜನಕ ಎಲ್ಲವೂ ಒಂದೇ ನಳಿಕೆಯಿಂದ ಸಿಗತೊಡಗಿದವು. ಮುಂದಿನ ಕಾಲು ಶತಮಾನ ಶ್ರೀಮಂತ ದೇಶಗಳ ಐಸಿಯುಗಳಲ್ಲಿ ಇದು ಪ್ರತಿಷ್ಠೆಯ ಸಾಧನವಾಯಿತು.

ಆಮೇಲೆ ಪರೀಕ್ಷೆಯ ಕಾಲ ಬಂತು. 1996ರಲ್ಲಿ ಅಮೆರಿಕದ 5,735 ರೋಗಿಗಳ ದಾಖಲೆಗಳನ್ನು ಅವಲೋಕಿಸಿದ ಅಧ್ಯಯನ, ಈ ಕ್ಯಾಥೆಟರ್ ಹಾಕಿಸಿಕೊಂಡವರಲ್ಲಿ ಸಾವು ಹೆಚ್ಚು ಎಂದಾಗ ವೈದ್ಯಲೋಕ ಬೆಚ್ಚಿತು. ಹೆಚ್ಚು ಕಾಯಿಲೆಯವರಿಗೇ ಹಾಕಿರಬಹುದಲ್ಲ ಎಂಬ ಆಕ್ಷೇಪ ನ್ಯಾಯವಾದದ್ದು. ಅದನ್ನು ನಿವಾರಿಸಲು ಬ್ರಿಟನ್ನಿನ 65 ಐಸಿಯುಗಳಲ್ಲಿ 1,041 ರೋಗಿಗಳನ್ನು ಯಾದೃಚ್ಛಿಕವಾಗಿ ಎರಡು ಗುಂಪು ಮಾಡಿ ನೋಡಿದರು. 2005ರಲ್ಲಿ ಬಂದ ಫಲಿತಾಂಶದಲ್ಲಿ ಹಾಕಿದ್ದರಿಂದ ಪ್ರಾಣ ಉಳಿಯಲೂ ಇಲ್ಲ, ಹೆಚ್ಚು ಹೋಗಲೂ ಇಲ್ಲ. 2006ರಲ್ಲಿ ಅಮೆರಿಕದಲ್ಲಿ, ಶ್ವಾಸಕೋಶ ತೀವ್ರವಾಗಿ ಹಾನಿಗೊಂಡ 1,000 ರೋಗಿಗಳಲ್ಲಿ ನಡೆದ ಪ್ರಯೋಗದಲ್ಲಿ ಕೂಡ ಈ ಕ್ಯಾಥೆಟರ್‌ಗೂ ದೊಡ್ಡ ಅಭಿಧಮನಿಗೆ ಹಾಕುವ ಸಾಧಾರಣ ಸೆಂಟ್ರಲ್ ಲೈನ್‌ಗೂ ಬದುಕುಳಿಯುವಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಇದರಿಂದ ಕೆಲವರು ಅಳತೆಯೇ ನಿಷ್ಪ್ರಯೋಜಕ ಎಂಬ ತೀರ್ಮಾನಕ್ಕೆ ಬಂದರು. ನಾನು ಅದನ್ನು ಒಪ್ಪುವುದಿಲ್ಲ. ಥರ್ಮಾಮೀಟರ್ ಹಾಕಿದ್ದರಿಂದ ಜ್ವರ ಇಳಿಯಲಿಲ್ಲ ಎಂದು ಯಾರೂ ಅದನ್ನು ದೂರುವುದಿಲ್ಲ. ಅಳತೆ ತಾನಾಗಿ ಚಿಕಿತ್ಸೆಯಲ್ಲ; ಅಳತೆ ನೋಡಿ ಏನು ಮಾಡಿದೆವು, ಮಾಡಿದ್ದು ಸರಿಯಿತ್ತೇ ಎಂಬುದು ಪ್ರಾಣದ ಪ್ರಶ್ನೆ. ಆ ದಶಕಗಳಲ್ಲಿ ಅಂಕಿಯೊಂದು ಕಡಿಮೆ ಕಂಡರೆ ಅದನ್ನು ಸಹಜಕ್ಕೆ, ಕೆಲವೊಮ್ಮೆ ಸಹಜಕ್ಕೂ ಮೇಲಕ್ಕೆ, ಏರಿಸಲು ಹೊರಡುತ್ತಿದ್ದರು. ಏರಿಸುವುದಕ್ಕೆ ಸುಲಭ ಉಪಾಯ ಡ್ರಿಪ್ ಆಗಿತ್ತು. ಅದರ ದಂಡವನ್ನು ಶ್ವಾಸಕೋಶ ತೆತ್ತಿತು.

ಹೀಗೆ ನಾವು ನಾಲ್ಕನೆಯ ಮತ್ತು ನನ್ನ ದೃಷ್ಟಿಯಲ್ಲಿ ಅತ್ಯಂತ ಮುಖ್ಯವಾದ ಭಾಗಕ್ಕೆ ಬಂದೆವು: ರಕ್ತನಾಳಕ್ಕೆ ಕೊಡುವ ದ್ರವ. ನಮ್ಮ ಜನರಿಗೆ ‘ಗ್ಲೂಕೋಸ್ ಏರಿಸುವುದು’ ಎಂದರೆ ಚಿಕಿತ್ಸೆ ಶುರುವಾಯಿತು ಎಂಬ ಭರವಸೆ. ವೈದ್ಯರಿಗೂ ಬಿಪಿ ಇಳಿದಾಗ ಕೈ ಮೊದಲು ಹೋಗುವುದು ಸಲೈನ್ ಬಾಟಲಿಯ ಕಡೆಗೇ. ವಾಂತಿಭೇದಿಯಲ್ಲಿ, ಡೆಂಗಿಯ ಕೆಲವು ಹಂತಗಳಲ್ಲಿ ಅದು ಪ್ರಾಣ ಉಳಿಸುತ್ತದೆ. ಸೋರುವ ಶ್ವಾಸಕೋಶದ ಮಾತು ಬೇರೆ. ಆಗಲೇ ಹೇಳಿದ 2006ರ ಪ್ರಯೋಗದಲ್ಲಿಯೇ ದ್ರವದ ಪ್ರಶ್ನೆಯನ್ನೂ ಪರೀಕ್ಷಿಸಿದ್ದರು. ಶಾಕ್ ಹತೋಟಿಗೆ ಬಂದ ಮೇಲೆ ಒಂದು ಗುಂಪಿನಲ್ಲಿ ದ್ರವವನ್ನು ಬಿಗಿಹಿಡಿದು, ಮೂತ್ರ ಹೆಚ್ಚಿಸುವ ಔಷಧ ಕೊಟ್ಟರು. ಇನ್ನೊಂದು ಗುಂಪಿನಲ್ಲಿ ಅಂದಿನ ರೂಢಿಯಂತೆ ಧಾರಾಳವಾಗಿ ಕೊಟ್ಟರು. ಏಳು ದಿನಗಳಲ್ಲಿ ಧಾರಾಳದ ಗುಂಪಿನವರ ಮೈಯಲ್ಲಿ ಸರಾಸರಿ 7 ಲೀಟರ್‌ನಷ್ಟು ಹೆಚ್ಚುವರಿ ದ್ರವ ಉಳಿಯಿತು, ಬಿಗಿಹಿಡಿದವರಲ್ಲಿ ಹೆಚ್ಚುವರಿ ಉಳಿಯಲೇ ಇಲ್ಲ. ಸಾವಿನಲ್ಲಿ ಸಂಖ್ಯಾಶಾಸ್ತ್ರ ಒಪ್ಪುವಷ್ಟು ಅಂತರ ಬರಲಿಲ್ಲ. ಆದರೆ ಮೊದಲ 28 ದಿನಗಳಲ್ಲಿ ವೆಂಟಿಲೇಟರ್ ಇಲ್ಲದೆ ಕಳೆದ ದಿನಗಳು 12.1ರಿಂದ 14.6ಕ್ಕೆ ಏರಿದವು, ಡಯಾಲಿಸಿಸ್ ಹೆಚ್ಚಲಿಲ್ಲ. ಸಾವು ತಗ್ಗದಿದ್ದ ಮೇಲೆ ಇದೆಂಥ ಲಾಭ ಎಂದು ಕೇಳಬಹುದು. ಎರಡೂವರೆ ದಿನ ಮುಂಚೆ ವೆಂಟಿಲೇಟರ್‌ನಿಂದ ಹೊರಬಂದ ರೋಗಿಗೆ ಅದು ಎರಡೂವರೆ ದಿನದ ಯಾತನೆಯ ಕಡಿತ, ಹೊಸ ಸೋಂಕಿನ ಅಪಾಯದ ಕಡಿತ. ಸಾಂಕ್ರಾಮಿಕದ ಕಾಲದಲ್ಲಿ ಅದೇ ಹಾಸಿಗೆಗಾಗಿ ಹೊರಗೆ ಕಾದಿರುವ ಇನ್ನೊಬ್ಬರಿಗೆ ಅದೊಂದು ಅವಕಾಶ.

ಸೌಲಭ್ಯ ಕಡಿಮೆಯಿರುವ ಕಡೆ ಈ ಎಚ್ಚರ ಇನ್ನೂ ಹೆಚ್ಚು ಬೇಕು ಎಂಬುದಕ್ಕೆ ಆಫ್ರಿಕಾದ ಸಾಕ್ಷ್ಯವಿದೆ. ಉಗಾಂಡ, ಕೀನ್ಯಾ, ಟಾಂಜಾನಿಯಾಗಳಲ್ಲಿ ತೀವ್ರ ಜ್ವರದಿಂದ ಬಳಲಿ ರಕ್ತಪರಿಚಲನೆ ಕುಂದಿದ್ದ 3,141 ಮಕ್ಕಳ ಮೇಲೆ ನಡೆದ ಪ್ರಯೋಗ 2011ರಲ್ಲಿ ಪ್ರಕಟವಾಯಿತು. ಆರಂಭದಲ್ಲಿಯೇ ವೇಗವಾಗಿ ದ್ರವ ಕೊಟ್ಟ ಮಕ್ಕಳಲ್ಲಿ 48 ಗಂಟೆಗಳೊಳಗಿನ ಸಾವು ಶೇ 10.5ರ ಆಸುಪಾಸಿನಲ್ಲಿದ್ದರೆ, ಹಾಗೆ ಕೊಡದವರಲ್ಲಿ ಶೇ 7.3. ಪಠ್ಯಪುಸ್ತಕ ಹೇಳಿದ್ದನ್ನು ಶ್ರದ್ಧೆಯಿಂದ ಮಾಡಿದ ಕಡೆಯೇ ಹೆಚ್ಚು ಮಕ್ಕಳು ತೀರಿಕೊಂಡರು. ಆ ಮಕ್ಕಳಲ್ಲಿ ಬಹಳಷ್ಟು ಮಂದಿಗೆ ಇದ್ದದ್ದು ಮಲೇರಿಯಾ ಮತ್ತು ರಕ್ತಹೀನತೆ, ಹಿಂದೆ ವೆಂಟಿಲೇಟರ್‌ನ ಆಸರೆಯೂ ಇರಲಿಲ್ಲ. ವೈರಲ್ ನ್ಯುಮೋನಿಯಾದ ವಯಸ್ಕರಿಗೆ ಆ ಅಂಕಿಗಳನ್ನು ನೇರವಾಗಿ ಅನ್ವಯಿಸುವುದು ತಪ್ಪು. ಆದರೆ ದ್ರವವೂ ಒಂದು ಔಷಧ, ಅದಕ್ಕೂ ಪ್ರಮಾಣ ಮತ್ತು ವಿಷಗುಣ ಇವೆ ಎಂಬುದನ್ನು ಇದಕ್ಕಿಂತ ನೋವಿನಿಂದ ತಿಳಿಸಿದ ಪ್ರಯೋಗ ಇನ್ನೊಂದಿಲ್ಲ.

ಹಾಗಾದರೆ ಕೊಡಬೇಕೋ ಬೇಡವೋ ಎಂದು ನಿರ್ಧರಿಸುವುದು ಹೇಗೆ? ಬಹುಕಾಲ ಸೆಂಟ್ರಲ್ ವೀನಸ್ ಪ್ರೆಷರ್, ಅಂದರೆ ಹೃದಯಕ್ಕೆ ಮರಳುವ ದೊಡ್ಡ ಅಭಿಧಮನಿಯ ಒತ್ತಡ, ನೋಡಿ ನಿರ್ಧರಿಸುತ್ತಿದ್ದರು. ಅದರ ಒಂದು ಅಂಕಿಯಿಂದ ದ್ರವ ಕೊಟ್ಟರೆ ಹರಿವು ಹೆಚ್ಚುತ್ತದೋ ಇಲ್ಲವೋ ಎಂದು ಊಹಿಸಲಾಗದು ಎಂಬುದು ಈಗ ಚೆನ್ನಾಗಿ ಸಾಬೀತಾಗಿದೆ. ಐಸಿಯು ರೋಗಿಗಳಲ್ಲಿ ದ್ರವಕ್ಕೆ ಹೃದಯ ಸ್ಪಂದಿಸುವುದು ಸುಮಾರು ಅರ್ಧದಷ್ಟು ಸಂದರ್ಭಗಳಲ್ಲಿ ಮಾತ್ರ. ಉಳಿದರ್ಧದಲ್ಲಿ ಕೊಟ್ಟದ್ದೆಲ್ಲ ಸೋರಿಕೆಗೆ ಸೇರುತ್ತದೆ. ಇದಕ್ಕೆ ಒಂದು ಸರಳ ಪರೀಕ್ಷೆ ಇದೆ. ರೋಗಿ ಅರೆಒರಗಿದ ಭಂಗಿಯಲ್ಲಿರುವಾಗ ಹರಿವನ್ನು ಅಳೆದುಕೊಂಡು, ಹಾಸಿಗೆಯನ್ನೇ ಬಾಗಿಸಿ ದೇಹದ ಮೇಲ್ಭಾಗವನ್ನು ಸಮತಟ್ಟಾಗಿಸಿ ಕಾಲುಗಳನ್ನು 45 ಡಿಗ್ರಿ ಮೇಲೆತ್ತಬೇಕು. ಕಾಲು ಮತ್ತು ಹೊಟ್ಟೆಯ ಅಭಿಧಮನಿಗಳಿಂದ ಸುಮಾರು 300 ಮಿಲಿಲೀಟರ್ ರಕ್ತ ಹೃದಯದತ್ತ ಸರಿಯುತ್ತದೆ. ಒಂದು ನಿಮಿಷದೊಳಗೆ ಹರಿವು ಶೇ 10ಕ್ಕಿಂತ ಹೆಚ್ಚಿದರೆ ಹೃದಯ ದ್ರವವನ್ನು ಬಳಸಿಕೊಳ್ಳಬಲ್ಲದು. ಹೆಚ್ಚದಿದ್ದರೆ ಕಾಲನ್ನು ಇಳಿಸಿದರಾಯಿತು, ಒಂದು ಹನಿಯೂ ಒಳಗೆ ಹೋಗಿಲ್ಲ, ಯಾವ ನಷ್ಟವೂ ಇಲ್ಲ. ಕೈಯಿಂದ ಕಾಲು ಹಿಡಿದೆತ್ತಿದರೆ ನೋವಿನಿಂದಲೇ ನಾಡಿ ಏರಿ ಪರೀಕ್ಷೆ ಕೆಡುತ್ತದೆ. ಹೊಟ್ಟೆ ಬಿಗಿದುಕೊಂಡವರಲ್ಲಿ ಇದನ್ನು ನಂಬುವಂತಿಲ್ಲ. ವೆಂಟಿಲೇಟರ್ ಮೇಲಿರುವವರಲ್ಲಿ ನಾಡಿಯ ಒತ್ತಡ ಉಸಿರಿನೊಂದಿಗೆ ಏರಿಳಿಯುವುದನ್ನು ಅಳೆಯುವ ಇನ್ನೊಂದು ವಿಧಾನವೂ ಇದೆ. ಆದರೆ ಅದಕ್ಕೆ ಪ್ರತಿ ಉಸಿರಿಗೆ ದೇಹತೂಕದ ಕಿಲೋಗೆ 8 ಮಿಲಿಲೀಟರ್ ಗಾಳಿಯಾದರೂ ಬೇಕು. ಹಾನಿಗೊಂಡ ಶ್ವಾಸಕೋಶಕ್ಕೆ 6 ಮಿಲಿಲೀಟರ್ ಮೀರದಂತೆ ಕೊಟ್ಟರೆ ಸಾವು ಶೇ 39.8ರಿಂದ 31ಕ್ಕೆ ಇಳಿಯುತ್ತದೆ ಎಂದು 2000ದಲ್ಲಿಯೇ ತಿಳಿದಿರುವುದರಿಂದ, ನಮ್ಮ ರೋಗಿಗಳಲ್ಲಿ ಆ ಅಳತೆ ದಾರಿ ತಪ್ಪಿಸುತ್ತದೆ. ಇದನ್ನು ಅರಿಯದೆ ತೆರೆಯ ಮೇಲಿನ ಅಂಕಿಯನ್ನು ನಂಬುವುದಕ್ಕಿಂತ ಆ ಅಂಕಿ ಇಲ್ಲದಿರುವುದೇ ಲೇಸು.

ಹೃದಯ ದ್ರವಕ್ಕೆ ಸ್ಪಂದಿಸುತ್ತದೆ ಎಂದ ಮಾತ್ರಕ್ಕೆ ದ್ರವ ಬೇಕೆಂದೂ ಅಲ್ಲ. ಇಲ್ಲಿ ಕುಳಿತಿರುವ ಆರೋಗ್ಯವಂತರೆಲ್ಲರ ಹೃದಯವೂ ಸ್ಪಂದಿಸುತ್ತದೆ, ನಮಗೆ ಯಾರಿಗೂ ಡ್ರಿಪ್ ಬೇಕಿಲ್ಲ. ಅಂಗಗಳಿಗೆ ರಕ್ತ ಸಾಲುತ್ತಿಲ್ಲ ಎಂಬ ಪುರಾವೆ ಮೊದಲು ಬೇಕು. ಈ ಹಂತದಲ್ಲಿ ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್ ಪರೀಕ್ಷೆ, ಬಹಳ ಉಪಕಾರಿ. ಎಡ ಹೃತ್ಕುಕ್ಷಿ ಚೆನ್ನಾಗಿ ಸಂಕುಚಿಸುತ್ತಿದೆಯೇ, ಬಲ ಹೃತ್ಕುಕ್ಷಿ ಹಿಗ್ಗಿ ನಡುಗೋಡೆಯನ್ನು ಎಡಕ್ಕೆ ಒತ್ತುತ್ತಿದೆಯೇ ಎಂದು ಐದು ನಿಮಿಷದಲ್ಲಿ ನೋಡಬಹುದು. ಶ್ವಾಸಕೋಶ ತೀವ್ರವಾಗಿ ಹಾನಿಗೊಂಡು ವೆಂಟಿಲೇಟರ್ ಸೇರಿದವರಲ್ಲಿ ಐದರಲ್ಲೊಬ್ಬರಿಗಿಂತ ತುಸು ಹೆಚ್ಚು ಮಂದಿಗೆ ಬಲಭಾಗದ ಹೃದಯ ಹೀಗೆ ಸೋಲುತ್ತದೆ. ನ್ಯುಮೋನಿಯಾವೇ ಮೂಲವಾದಾಗ ಈ ಅಪಾಯ ಹೆಚ್ಚು. ಅಂಥವರಿಗೆ ಬಿಪಿ ಇಳಿಯಿತೆಂದು ದ್ರವ ಸುರಿದರೆ ಹಿಗ್ಗಿದ ಕೋಣೆ ಇನ್ನೂ ಹಿಗ್ಗಿ ಹರಿವು ಇನ್ನೂ ಕುಸಿಯುತ್ತದೆ. ಅವರಿಗೆ ಬೇಕಾದದ್ದು ವೆಂಟಿಲೇಟರ್‌ನ ಒತ್ತಡ ತಗ್ಗಿಸುವುದು, ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಏರದಂತೆ ನೋಡಿಕೊಳ್ಳುವುದು, ಬೋರಲು ಮಲಗಿಸುವುದು. ಒಂದೇ ಬಿಪಿ ಅಂಕಿ ಇಬ್ಬರು ರೋಗಿಗಳಲ್ಲಿ ತದ್ವಿರುದ್ಧ ಚಿಕಿತ್ಸೆ ಬೇಡುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಇನ್ನು ಅಂಗಗಳಿಗೆ ರಕ್ತ ತಲುಪಿದ್ದನ್ನು ತಿಳಿಯುವ ಬಗೆ. ಮೂತ್ರದ ಪ್ರಮಾಣ, ರೋಗಿಯ ಎಚ್ಚರ, ಮಂಡಿಯ ಸುತ್ತ ಮೂಡುವ ನೀಲಿಗೆಂಪು ಮಚ್ಚೆ, ಹರಿವು ಸಾಲದಾದಾಗ ರಕ್ತದಲ್ಲಿ ಏರುವ ಲ್ಯಾಕ್ಟೇಟ್ ಇವೆಲ್ಲ ಸುಳಿವುಗಳೇ. ನಾನು ಒಂದನ್ನು ಮಾತ್ರ ಹತ್ತಿರದಿಂದ ತೋರಿಸಬಯಸುತ್ತೇನೆ. ರೋಗಿಯ ತೋರುಬೆರಳಿನ ತುದಿಯನ್ನು, ಒಳಬದಿಯಲ್ಲಿ, ಗಾಜಿನ ಪಟ್ಟಿಯಿಂದ ಬಿಳಿಚುವವರೆಗೆ ಒತ್ತಿ 10 ಸೆಕೆಂಡ್ ಹಿಡಿಯುತ್ತಾರೆ. ಬಿಟ್ಟ ಮೇಲೆ ಬಣ್ಣ ಮರಳಲು ಎಷ್ಟು ಹೊತ್ತಾಯಿತು ಎಂದು ಗಡಿಯಾರ ನೋಡಿ ಎಣಿಸುತ್ತಾರೆ. 3 ಸೆಕೆಂಡ್ ಮೀರಿದರೆ ಲೋಮನಾಳಗಳಿಗೆ ರಕ್ತ ಸರಿಯಾಗಿ ಬರುತ್ತಿಲ್ಲ. ಇಷ್ಟೇ. ದಕ್ಷಿಣ ಅಮೆರಿಕದ ಐದು ದೇಶಗಳ ಆಸ್ಪತ್ರೆಗಳು ನಂಜಿನ ಶಾಕ್‌ನ 424 ರೋಗಿಗಳಲ್ಲಿ ಒಂದು ಗುಂಪಿಗೆ ಅರ್ಧ ಗಂಟೆಗೊಮ್ಮೆ ಈ ಬೆರಳ ಪರೀಕ್ಷೆ ಮಾಡಿ, ಇನ್ನೊಂದು ಗುಂಪಿಗೆ ಎರಡು ಗಂಟೆಗೊಮ್ಮೆ ಲ್ಯಾಕ್ಟೇಟ್ ನೋಡಿ ಚಿಕಿತ್ಸೆ ನಡೆಸಿದವು. 2019ರ ಫಲಿತಾಂಶದಲ್ಲಿ 28 ದಿನಗಳ ಸಾವು ಬೆರಳ ಪರೀಕ್ಷೆಯ ಗುಂಪಿನಲ್ಲಿ ಶೇ 34.9, ಲ್ಯಾಕ್ಟೇಟ್ ಗುಂಪಿನಲ್ಲಿ ಶೇ 43.4. ಈ ಅಂತರ ಸಂಖ್ಯಾಶಾಸ್ತ್ರದ ಗೆರೆಯನ್ನು ಕೂದಲೆಳೆಯಷ್ಟರಲ್ಲಿ ಮುಟ್ಟದೆ ಹೋಯಿತು, ಹಾಗಾಗಿ ಬೆರಳ ಪರೀಕ್ಷೆ ಮೇಲು ಎಂದು ಘೋಷಿಸುವಂತಿರಲಿಲ್ಲ. ಮೇಲೆನ್ನಲು ಆಗದಿದ್ದರೂ ಪ್ರಯೋಗಾಲಯದ ಪರೀಕ್ಷೆಗಿಂತ ಕೀಳೆನ್ನಲು ಯಾವ ಕಾರಣವೂ ಸಿಗಲಿಲ್ಲ. ಆ ಗುಂಪಿಗೆ ದ್ರವವೂ ಕಡಿಮೆ ಸಾಕಾಯಿತು. 2025ರಲ್ಲಿ ಪ್ರಕಟವಾದ ಮುಂದಿನ ದೊಡ್ಡ ಪ್ರಯೋಗದಲ್ಲಿ ಸಾವಿನ ಪ್ರಮಾಣ ಎರಡೂ ಕಡೆ ಸಮನಾಗಿದ್ದರೂ, ಬೆರಳ ಪರೀಕ್ಷೆಯನ್ನು ಆಧರಿಸಿ ನಡೆದವರಿಗೆ ಅಂಗಾಂಗಗಳಿಗೆ ಆಸರೆ ಕೊಡಬೇಕಾದ ಅವಧಿ ಕಡಿಮೆಯಾಯಿತು. ಇವೆರಡೂ ನಂಜಿನ ಶಾಕ್‌ನ ಪ್ರಯೋಗಗಳು. ವೈರಲ್ ನ್ಯುಮೋನಿಯಾಕ್ಕೆಂದೇ ಮಾಡಿದವಲ್ಲ. ಆದರೂ 2020ರಲ್ಲಿ ಕೋವಿಡ್ ಐಸಿಯುಗಳಿಗೆಂದು ಬಂದ ಅಂತಾರಾಷ್ಟ್ರೀಯ ಮಾರ್ಗಸೂಚಿ ಚರ್ಮದ ಬಿಸಿ, ಲೋಮನಾಳಗಳಿಗೆ ರಕ್ತ ಮರಳುವ ಸಮಯ, ಲ್ಯಾಕ್ಟೇಟ್ ಇವುಗಳನ್ನು ನೋಡಿ, ದ್ರವವನ್ನು ಬಿಗಿಹಿಡಿದು ನಡೆಯುವಂತೆ ಸೂಚಿಸಿದ್ದು ಇದೇ ದಾರಿಯಲ್ಲಿ.

ಈ ವಾದಕ್ಕೆ ಬರುವ ಆಕ್ಷೇಪಗಳಲ್ಲಿ ಮೂರಕ್ಕೆ ಉತ್ತರಿಸಬೇಕು. ಬೆರಳ ಪರೀಕ್ಷೆ ಒಬ್ಬರ ಕಣ್ಣಿಗೆ ಒಂದು, ಇನ್ನೊಬ್ಬರ ಕಣ್ಣಿಗೆ ಇನ್ನೊಂದು ಎನ್ನುತ್ತಾರೆ. ಕೋಣೆ ತಣ್ಣಗಿದ್ದರೆ, ಬೆಳಕು ಮಂದವಿದ್ದರೆ, ಚರ್ಮ ಕಪ್ಪಾಗಿದ್ದರೆ ಓದುವುದು ಕಷ್ಟ ಎಂಬುದೂ ನಿಜ. ಒತ್ತಡ, ಅವಧಿ, ಜಾಗ ಗೊತ್ತುಪಡಿಸಿ ತರಬೇತಿ ಕೊಟ್ಟರೆ ಈ ವ್ಯತ್ಯಾಸ ಬಹಳ ತಗ್ಗುತ್ತದೆ. ಟ್ರಾನ್ಸ್‌ಡ್ಯೂಸರ್‌ನ ಮಟ್ಟ ತಪ್ಪಿದಾಗ ಯಂತ್ರವೂ ಅಷ್ಟೇ ತಪ್ಪು ಹೇಳುತ್ತದೆ ಎಂಬುದನ್ನು ಆಗಲೇ ನೋಡಿದೆವು. ಎರಡನೆಯ ಆಕ್ಷೇಪದಲ್ಲಿ ನೋವಿದೆ: ಬಡವರಿಗೆ ಬೆರಳು, ಸಿರಿವಂತರಿಗೆ ಯಂತ್ರವೇ? ಖಂಡಿತ ಅಲ್ಲ. ಶಾಕ್‌ನಲ್ಲಿರುವ ಪ್ರತಿ ರೋಗಿಗೂ ಅಪಧಮನಿಯ ನಳಿಕೆ ಸಿಗಬೇಕು, ಜಿಲ್ಲಾಸ್ಪತ್ರೆಯ ಐಸಿಯುವಿನಲ್ಲಿ ಹಗಲೂ ರಾತ್ರಿ ಎಕೋ ಮಾಡಬಲ್ಲವರು ಇರಬೇಕು. ಕಾರಣ ಸಿಗದೆ ಹದಗೆಡುತ್ತಿರುವ, ಬಲಹೃದಯ ಸೋತ ರೋಗಿಗೆ ಸ್ವಾನ್-ಗಾಂಜ್ ಕ್ಯಾಥೆಟರ್ ಈಗಲೂ ಬೇಕಾಗಬಹುದು. ಬೆರಳ ಪರೀಕ್ಷೆಯನ್ನು ನಾನು ಎತ್ತಿಹಿಡಿಯುವುದು ಅದು ಅಗ್ಗವೆಂಬ ಕಾರಣಕ್ಕಲ್ಲ; ಅದು ಪ್ರಯೋಗದಲ್ಲಿ ಲ್ಯಾಕ್ಟೇಟ್ ಪರೀಕ್ಷೆಗೆ ಸರಿಸಾಟಿಯಾಗಿ ನಿಂತಿದೆ ಎಂಬ ಕಾರಣಕ್ಕೆ.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಗಟ್ಟಿ. ಅರ್ಧ ಗಂಟೆಗೊಮ್ಮೆ ಬೆರಳು ನೋಡುವವರು ಯಾರು? ವೆಂಟಿಲೇಟರ್ ಮೇಲಿರುವ ಒಬ್ಬ ರೋಗಿಗೆ ಪಾಳಿಗೊಬ್ಬ ನರ್ಸ್ ಇರಬೇಕೆಂಬುದು ಅಂಗೀಕೃತ ಮಾನದಂಡ, ಅದು ಪಾಲನೆಯಾಗುವ ಸಾರ್ವಜನಿಕ ಆಸ್ಪತ್ರೆಗಳು ವಿರಳ. ನಾಲ್ಕು ಹಾಸಿಗೆಗಳ ನಡುವೆ ಓಡಾಡುವ ಒಬ್ಬರಿಂದ ಇದನ್ನು ನಿರೀಕ್ಷಿಸುವುದು ಅನ್ಯಾಯ. ನಿಗಾ ವಹಿಸುವ ಯಂತ್ರಗಳ ಖರೀದಿಗೆ ಟೆಂಡರ್ ಕರೆದಷ್ಟು ಸಲೀಸಾಗಿ ಈ ಕೊರತೆ ತುಂಬುವುದಿಲ್ಲ, ಹುದ್ದೆ ಮಂಜೂರಾಗಬೇಕು, ತರಬೇತಿಗೆ ತಿಂಗಳುಗಳು ಬೇಕು, ಕಲಿತವರು ಗುತ್ತಿಗೆ ಮುಗಿಯಿತೆಂದು ಹೊರಹೋಗದಂತೆ ನೋಡಿಕೊಳ್ಳಬೇಕು. ಸಾಂಕ್ರಾಮಿಕದ ಸಮಯದಲ್ಲಿ ಬಂದ ವೆಂಟಿಲೇಟರ್‌ಗಳು ಮತ್ತು ಮಾನಿಟರ್‌ಗಳು ನಮ್ಮ ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳಲ್ಲಿವೆ. ಮುಂದಿನ ಇನ್‌ಫ್ಲುಯೆಂಜಾ ಅಲೆ ಬರುವ ಮೊದಲು ಅವುಗಳ ಪಕ್ಕದಲ್ಲಿ ನಿಲ್ಲುವವರನ್ನು ನೇಮಿಸಲು ಸಮಯವಿದೆ. ಆರಂಭಕ್ಕೆ ಕೇಸ್ ಶೀಟ್‌ನಲ್ಲಿ ನಾಲ್ಕು ಕಲಂ ಸೇರಿಸಿದರೂ ಸಾಕು: ಬೆರಳಿಗೆ ರಕ್ತ ಮರಳಿದ ಸಮಯ, ಕಳೆದ ಗಂಟೆಯ ಮೂತ್ರ, ಒಳಹೋದ ಮತ್ತು ಹೊರಬಂದ ದ್ರವದ ಅಂತರ, ಇದನ್ನು ನೋಡಿ ಕೈಗೊಂಡ ನಿರ್ಧಾರ. ಕೊನೆಯ ಕಲಂ ಖಾಲಿ ಬಿಟ್ಟ ದಿನ ಉಳಿದ ಮೂರನ್ನು ಯಾಕೆ ಬರೆದೆವು ಎಂದು ರೌಂಡ್ಸ್‌ಗೆ ಬಂದ ಹಿರಿಯ ವೈದ್ಯರು ಕೇಳಲಿ.